ದೋಹಾಕ್ಕೆ ಹೋಗುವುದೋ ಬಿಡುವುದೋ: ಒಬ್ಬರೇ ಯಾಕೆ ತೀರ್ಮಾನಿಸಬೇಕು?

ಪ್ರಶ್ನೆ: ನಾನು ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಶಿಕ್ಷಕಿ. ಪತಿಗೆ ಅಡಿಕೆ ತೋಟವಿದೆ. ಮೈದುನ ಹದಿನೇಳು ವರ್ಷಗಳಿಂದ ಕತಾರಿನ ದೋಹಾದಲ್ಲಿ ಕೆಲಸದಲ್ಲಿದ್ದಾರೆ. 2025ರ ಡಿಸೆಂಬರಿನ ಕ್ರಿಸ್ಮಸ್ ರಜೆಗೆ ಅತ್ತೆ, ಮಾವ, ನಾವಿಬ್ಬರು ಮತ್ತು ಇಬ್ಬರು ಮಕ್ಕಳು ಅಲ್ಲಿಗೆ ಹೋಗುವುದೆಂದು ಅವರೇ ಕಣ್ಣೂರಿನಿಂದ ಟಿಕೆಟ್ ಮಾಡಿಸಿದ್ದಾರೆ. ಮೇ ತಿಂಗಳಲ್ಲಿ ಟಿಕೆಟ್ ಆದಾಗ ಎಲ್ಲರಿಗೂ ಸಂಭ್ರಮ. ಜೂನ್‌ನಲ್ಲಿ ಇರಾನಿನ ಕ್ಷಿಪಣಿ ಬಂತು, ಸೆಪ್ಟೆಂಬರಿನಲ್ಲಿ ಇಸ್ರೇಲಿನ ಬಾಂಬ್ ಬಿತ್ತು. ಅಂದಿನಿಂದ ಅತ್ತೆ ‘ಬೇಡ’ ಎಂದು ಕುಳಿತಿದ್ದಾರೆ. 1990ರಲ್ಲಿ ಅವರ ಅಣ್ಣ ಕುವೈತಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರು. ದಿನವಿಡೀ ಟಿವಿ ನೋಡಿ ಹೆದರುತ್ತಾರೆ. ವೀಳ್ಯದೆಲೆ ಇಟ್ಟು ಜ್ಯೋತಿಷಿಯನ್ನು ಕೇಳುವ ತಾಂಬೂಲ ಪ್ರಶ್ನೆಯನ್ನೂ ಇಡಿಸಿದರು. ‘ದೂರ ಪ್ರಯಾಣ ಮುಂದೂಡಿದರೆ ಒಳ್ಳೆಯದು’ ಎಂದು ಬಂತಂತೆ. ಮಾವನವರಿಗೆ ಎಪ್ಪತ್ತೆರಡು, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅವರು ಆಗಲೇ ಹೊಸ ಪೆಟ್ಟಿಗೆ ತಂದು ಮಂಚದ ಕೆಳಗೆ ಇಟ್ಟಿದ್ದಾರೆ. ‘ಮಗನ ಮನೆ ಒಮ್ಮೆಯಾದರೂ ನೋಡಬೇಡವೇ’ ಎನ್ನುತ್ತಾರೆ. ಪತಿಯನ್ನು ಕೇಳಿದರೆ, ‘ನೀನು ಓದಿದವಳು, ನೀನೇ ನಿರ್ಧರಿಸು’ ಎಂದು ತೋಟಕ್ಕೆ ಇಳಿಯುತ್ತಾರೆ. ಮೈದುನನಿಗೆ ಸೂಕ್ಷ್ಮವಾಗಿ ಹೇಳಿ ನೋಡಿದೆ. ‘ಇಲ್ಲಿ ಏನೂ ಇಲ್ಲ ಅತ್ತಿಗೆ. ನಿಮ್ಮ ಇಷ್ಟ’ ಎಂದು ಫೋನ್ ಇಟ್ಟರು. ಹೋಗಿ ಏನಾದರೂ ಆದರೆ ಅದು ನನ್ನಿಂದ. ರದ್ದು ಮಾಡಿ ಏನೂ ಆಗದಿದ್ದರೆ ಅದೂ ನನ್ನಿಂದ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಯುದ್ಧಕ್ಕಿಂತ ಹೆಚ್ಚು ಜಾಗ ಹಿಡಿದಿರುವುದು ದೂರು ಬರುವ ಭಯ. ಹಾಗಾಗಿ ನನ್ನ ಅಭಿಪ್ರಾಯವನ್ನು ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಟಿಕೆಟನ್ನು ಈಗ ರದ್ದು ಮಾಡಬೇಡಿ. ಹೋಗಿಯೇ ಹೋಗುತ್ತೇವೆ ಎಂದು ಮಾತನ್ನೂ ಕೊಡಬೇಡಿ. ಅದಕ್ಕೂ ಮೊದಲು ಈ ತೀರ್ಮಾನವನ್ನು ನಿಮ್ಮೊಬ್ಬರ ತಲೆಯ ಮೇಲಿಂದ ಇಳಿಸಿ.

ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳಲಾರೆ. 2025ರ ಜೂನ್ 23ರ ಸಂಜೆ ಇರಾನ್ ಹಾರಿಸಿದ ಕ್ಷಿಪಣಿಗಳು ದೋಹಾದ ಹೊರವಲಯದ ಅಲ್ ಉದೈದ್ ವಾಯುನೆಲೆಯ ಕಡೆಗೆ ಬಂದವು. ಅಲ್ಲಿ ಅಮೆರಿಕದ ಸೇನೆ ಇದೆ ಎಂಬುದೇ ಕಾರಣ. ಕತಾರ್ ಅದಕ್ಕೆ ಸ್ವಲ್ಪ ಮೊದಲೇ ತನ್ನ ವಾಯುಮಾರ್ಗವನ್ನು ಮುಚ್ಚಿತ್ತು. ಅಕ್ಕಪಕ್ಕದ ದೇಶಗಳೂ ಮುಚ್ಚಿದವು. ಕೊಲ್ಲಿಗೆ ಹೊರಟಿದ್ದ ನಮ್ಮ ವಿಮಾನಗಳಲ್ಲಿ ಕೆಲವು ನಡುದಾರಿಯಿಂದ ತಿರುಗಿದವು, ಕೆಲವು ಬೇರೆಲ್ಲೋ ಇಳಿದವು. ಅಂದು ದೋಹಾದಲ್ಲಿ ಯಾರ ಪ್ರಾಣವೂ ಹೋಗಲಿಲ್ಲ, ಕೆಲವೇ ಗಂಟೆಗಳಲ್ಲಿ ವಾಯುಮಾರ್ಗ ತೆರೆಯಿತು, ಮರುದಿನ ಇರಾನ್ ಮತ್ತು ಇಸ್ರೇಲ್ ನಡುವೆ ಕದನವಿರಾಮವಾಯಿತು. ಆದರೆ ಸೆಪ್ಟೆಂಬರ್ 9ರ ಕಥೆ ಬೇರೆ. ಹಮಾಸ್ ನಾಯಕರನ್ನು ಗುರಿಯಾಗಿಸಿ ಇಸ್ರೇಲ್ ನಡೆಸಿದ ದಾಳಿ ದೋಹಾ ನಗರದ ವಸತಿ ಪ್ರದೇಶದ ಮೇಲೆಯೇ ಆಯಿತು. ಆರು ಮಂದಿ ಸತ್ತರು, ಅವರಲ್ಲೊಬ್ಬ ಕತಾರಿನ ಭದ್ರತಾ ಸಿಬ್ಬಂದಿ. ಅಕ್ಟೋಬರ್ 10ರಿಂದ ಗಾಜಾದಲ್ಲಿ ಕದನವಿರಾಮ ಜಾರಿಗೆ ಬಂದ ಮೇಲೆ ಬಿಸಿ ಸ್ವಲ್ಪ ತಗ್ಗಿದೆ. ಎಷ್ಟು ದಿನ ತಗ್ಗಿರುತ್ತದೆ ಎಂದು ಯಾವ ಪಂಡಿತನೂ ಬರೆದುಕೊಡಲಾರ.

ಆದ್ದರಿಂದ ನಿಮ್ಮ ಮೈದುನನ ‘ಇಲ್ಲಿ ಏನೂ ಇಲ್ಲ’ ಎಂಬ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ಬೆಳಗ್ಗೆ ಎದ್ದು ಕಚೇರಿಗೆ ಹೋಗಲೇಬೇಕಾದವನು ಆಕಾಶ ನೋಡುತ್ತಾ ಕೂರುವುದಿಲ್ಲ, ಅಷ್ಟೆ.

ಇನ್ನು ಅತ್ತೆ. ‘ಟಿವಿ ನೋಡಿ ಹೆದರುತ್ತಾರೆ’ ಎಂದು ನೀವು ಬರೆದದ್ದು ಪೂರ್ತಿ ನ್ಯಾಯವಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಅಲ್ಲಿನ ವಿಮಾನ ನಿಲ್ದಾಣವೇ ಮುಚ್ಚಿಹೋಯಿತು. ಸಾವಿರಾರು ಜನ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ ಅಲ್ಲಿಂದ ಏರ್ ಇಂಡಿಯಾ ಹತ್ತಿದರು. ಹಾಗೆ ಬಂದ ಭಾರತೀಯರು 1.7 ಲಕ್ಷಕ್ಕೂ ಹೆಚ್ಚು. ಅಣ್ಣ ಬದುಕಿದ್ದಾನೋ ಇಲ್ಲವೋ ತಿಳಿಯದೆ ಕಳೆದ ದಿನಗಳನ್ನು ನಿಮ್ಮ ಅತ್ತೆ ಯಾವ ಟಿವಿಯಲ್ಲೂ ನೋಡಿದ್ದಲ್ಲ. ಆಮೇಲೆ 2010ರ ಮೇ 22. ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, ಅವರಲ್ಲಿ ನಮ್ಮ ಜಿಲ್ಲೆಯವರು ಅನೇಕರು. ಕುಂಬಳೆಯಿಂದ ಕಾಞಂಗಾಡಿನವರೆಗೆ ಆ ದಿನವನ್ನು ಮರೆತವರು ಸಿಗುವುದು ಕಷ್ಟ. 2025ರ ಜೂನ್ 12ಕ್ಕೆ ಅಹಮದಾಬಾದಿನ ವಿಮಾನ ದುರಂತ, ಜೂನ್ 13ಕ್ಕೆ ಇರಾನಿನ ಮೇಲೆ ಇಸ್ರೇಲಿನ ದಾಳಿ. ಒಂದು ಸುದ್ದಿಯ ಹೊಗೆ ಆರುವ ಮೊದಲು ಇನ್ನೊಂದು ಬಂತು. ಅವರ ಮನಸ್ಸಿನಲ್ಲಿ ವಿಮಾನ ಮತ್ತು ಕ್ಷಿಪಣಿ ಅಂಟಿಕೊಂಡುಬಿಟ್ಟಿವೆ ಎಂದು ನನ್ನ ಊಹೆ.

ಅದಕ್ಕೇ ಅವರ ಪಕ್ಕದಲ್ಲಿ ಕುಳಿತು ಒಂದು ಮಾತು ಕೇಳಿ: ಹಾರುವುದಕ್ಕೆ ಭಯವೋ, ಅಲ್ಲಿ ಇಳಿದು ಇರುವುದಕ್ಕೆ ಭಯವೋ? ಹಾರುವುದಕ್ಕೆ ಎಂದಾದರೆ ಯಾವ ಕದನವಿರಾಮವೂ ಅವರಿಗೆ ಧೈರ್ಯ ತುಂಬಲಾರದು, ಮುಂದಿನ ವರ್ಷ ಹೊರಟರೂ ಇದೇ ಮಾತು ಬರುತ್ತದೆ. ಇರುವುದಕ್ಕೆ ಎಂದಾದರೆ ಮಾತಾಡಲು ದಾರಿಯಿದೆ. ರಸ್ತೆಯಲ್ಲಿ ಸಾಯುವವರು ವಿಮಾನದಲ್ಲಿ ಸಾಯುವವರಿಗಿಂತ ಎಷ್ಟೋ ಪಾಲು ಹೆಚ್ಚು ಎಂಬ ಲೆಕ್ಕವನ್ನು ಮಾತ್ರ ಅವರ ಮುಂದೆ ಬಿಚ್ಚಬೇಡಿ. ಅದು ಸರಿಯಾದ ಲೆಕ್ಕವೇ. ಆದರೆ ಹೆದರಿದ ಮನುಷ್ಯರು ಲೆಕ್ಕಕ್ಕೆ ಒಪ್ಪುವುದಿಲ್ಲ, ಬಸ್ಸಿಗೂ ಹೆದರಲು ಶುರುಮಾಡುತ್ತಾರೆ.

ಈಗ ಫೋನ್ ಇಟ್ಟವರ ಕಡೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ನಿಮ್ಮ ಇಷ್ಟ’ ಎಂಬ ಆ ಮಾತು. ಹದಿನೇಳು ವರ್ಷ ಅಲ್ಲಿದ್ದಾರೆ ಎಂದರೆ, 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹರೈನ್ ಮತ್ತು ಈಜಿಪ್ಟ್ ಸೇರಿ ಕತಾರಿಗೆ ದಿಗ್ಬಂಧನ ಹಾಕಿದಾಗಲೂ ಅವರು ಅಲ್ಲೇ ಇದ್ದರು. 2021ರ ಜನವರಿಯಲ್ಲಿ ಅದು ತೆರವಾಗುವವರೆಗೂ ಇದ್ದರು. ಕೊರೊನಾ ಕಾಲದಲ್ಲೂ ಬಹುಶಃ ಅಲ್ಲೇ. ಆಗ ಅವರು ಇರಬೇಕೋ ಬರಬೇಕೋ ಎಂದು ನಿಮ್ಮ ಮನೆಯಲ್ಲಿ ಹೀಗೆ ಚರ್ಚೆ ನಡೆದಿತ್ತೇ? ಕಾಸರಗೋಡಿನ ಎಷ್ಟೋ ಮನೆಗಳ ತಾರಸಿ ಎದ್ದದ್ದು ಅಂಥವರ ದುಡಿಮೆಯಿಂದ. ದುಡಿಯಲು ಹೋದವನು ಅಪಾಯದಲ್ಲಿ ಇರುವುದು ನಮಗೆ ಸಹಜವಾಗಿ ಕಾಣುತ್ತದೆ. ಹೆಂಗಸರು, ಮಕ್ಕಳು ಹತ್ತು ದಿನ ತಿರುಗಾಡಲು ಹೊರಟಾಗ ಮಾತ್ರ ಅದೇ ಊರು ಯುದ್ಧಭೂಮಿಯಾಗುತ್ತದೆ. ಆ ಫೋನಿನಲ್ಲಿ ಮೈದುನನಿಗೆ ಕೇಳಿಸಿದ್ದು ಇದೇ ಇರಬಹುದು: ನೀನು ಇರಬಹುದಾದ ಜಾಗ, ನಾವು ಬರಬಾರದ ಜಾಗ.

ಹಾಗೆಂದು ಅವರ ಬೇಸರ ಕಳೆಯಲು ನೀವು ಹೋಗಬೇಕಿಲ್ಲ. ಮುನಿಸು ಕಳೆಯಲು ಎಪ್ಪತ್ತು ದಾಟಿದವರನ್ನು ವಿಮಾನ ಹತ್ತಿಸುವುದು ಬುದ್ಧಿವಂತಿಕೆಯಲ್ಲ. ಆದರೆ ಇನ್ನೊಮ್ಮೆ ಫೋನ್ ಮಾಡಿ, ಟಿಕೆಟಿನ ಮಾತೇ ಎತ್ತದೆ ಕೇಳಿ: ‘ಜೂನ್ 23ರ ರಾತ್ರಿ ನೀವೆಲ್ಲ ಎಲ್ಲಿದ್ದಿರಿ? ಏನು ಮಾಡಿದಿರಿ?’ ಮನೆಯೊಳಗೇ ಇರಿ ಎಂದು ಭಾರತದ ರಾಯಭಾರ ಕಚೇರಿ ಅಂದು ಅಲ್ಲಿನ ನಮ್ಮವರಿಗೆ ತಿಳಿಸಿತ್ತು. ಅವರು ಕಿಟಕಿಯ ಹತ್ತಿರ ಹೋದರೇ, ಮಕ್ಕಳು ನಿದ್ದೆ ಮಾಡಿದರೇ, ಮರುದಿನ ಅಂಗಡಿ ತೆರೆದಿತ್ತೇ? ಆ ವಿವರಗಳಲ್ಲಿ ನಿಮಗೂ ಅತ್ತೆಗೂ ಬೇಕಾದ ನಿಜ ಇರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಬರುವ ವಿಡಿಯೊಗಳಲ್ಲಿ ಇರುವುದಿಲ್ಲ. ಜೂನ್‌ನ ಆಕಾಶದ ಬೆಂಕಿಯನ್ನೇ ‘ಈಗಷ್ಟೇ’ ಎಂದು ಮತ್ತೆ ಮತ್ತೆ ಹರಿಬಿಡುವವರಿದ್ದಾರೆ. ಮನೆಯ ಗುಂಪಿಗೆ ಬಂದದ್ದನ್ನು ಅತ್ತೆಗೆ ತೋರಿಸುವ ಮೊದಲು ದಿನಾಂಕ ನೋಡಲು ಮಗಳಿಗೆ ಹೇಳಿ.

ತೀರ್ಮಾನ ಯಾವಾಗ? ನಿಮ್ಮ ಪತಿ ಅಡಿಕೆಗೆ ಮದ್ದು ಬಿಡುವ ದಿನವನ್ನು ತಿಂಗಳ ಮೊದಲೇ ಗೊತ್ತುಮಾಡುವುದಿಲ್ಲ, ಮಳೆ ಹೊಳವಾದದ್ದನ್ನು ನೋಡಿ ಬಿಡುತ್ತಾರೆ. ಇದೂ ಹಾಗೆಯೇ. ಟಿಕೆಟಿನ ಜೊತೆ ಬಂದ ನಿಯಮಗಳನ್ನು ತೆರೆದು ಓದಿ. ರದ್ದತಿ ಶುಲ್ಕ ಯಾವ ದಿನದಿಂದ ಏರುತ್ತದೆ, ದಿನಾಂಕ ಬದಲಿಸಲು ಎಷ್ಟು ಎಂಬುದು ಅಲ್ಲಿರುತ್ತದೆ. ಶುಲ್ಕ ಏರುವ ದಿನದ ಹಿಂದಿನ ಸಂಜೆಯೇ ನಿಮ್ಮ ತೀರ್ಮಾನದ ಸಂಜೆ. ಅಲ್ಲಿಯವರೆಗೆ ಮನೆಯಲ್ಲಿ ಈ ಮಾತಿಗೆ ರಜೆ ಕೊಡಿ. ಇದರ ಹಿಂದೆ ಹಣದ ವಿಚಾರವೂ ಇದೆ. ಪರಿಸ್ಥಿತಿ ನಿಜಕ್ಕೂ ಕೆಟ್ಟು ವಿಮಾನ ಸಂಸ್ಥೆಯೇ ಹಾರಾಟ ರದ್ದುಮಾಡಿದರೆ ಅದು ಹಣ ಹಿಂದಿರುಗಿಸಬೇಕಾಗುತ್ತದೆ. ನೀವಾಗಿಯೇ ಮುಂಚಿತವಾಗಿ ಹೆದರಿ ರದ್ದುಮಾಡಿದರೆ ಕಳೆದುಕೊಳ್ಳುವವರು ಮೈದುನ.

ಆ ಸಂಜೆ ಏನನ್ನು ನೋಡಬೇಕು ಎಂಬುದನ್ನು ಇಂದೇ ಎಲ್ಲರೂ ಒಪ್ಪಿಕೊಳ್ಳಬೇಕು. ಕತಾರಿಗೆ ಅನಗತ್ಯ ಪ್ರಯಾಣ ಬೇಡ ಎಂದು ವಿದೇಶಾಂಗ ಸಚಿವಾಲಯವೋ ದೋಹಾದ ರಾಯಭಾರ ಕಚೇರಿಯೋ ಹೇಳಿದ್ದರೆ ಪ್ರಯಾಣವಿಲ್ಲ, ಮಾವನವರು ಮುಖ ಸಪ್ಪಗೆ ಮಾಡಿದರೂ ಇಲ್ಲ. ಇರಾನ್ ಮತ್ತು ಇಸ್ರೇಲ್ ಮತ್ತೆ ನೇರ ಹೊಡೆದಾಟಕ್ಕೆ ಇಳಿದಿದ್ದರೆ ದಿನಾಂಕ ಬದಲು. ವಿಮಾನ ಸಂಸ್ಥೆ ಹಾರಾಟ ರದ್ದುಮಾಡಿ ಬೇರೆ ಕೊಲ್ಲಿ ದೇಶದ ಮೂಲಕ ಸುತ್ತಿಸಿ ಕಳಿಸುತ್ತೇನೆ ಎಂದರೆ ಒಪ್ಪಬೇಡಿ, ಹಣ ಕೇಳಿ. ದೋಹಾದಲ್ಲಿ ಸಿಕ್ಕಿಬಿದ್ದರೆ ಮಗನ ಮನೆಯಿದೆ. ಗುರುತಿಲ್ಲದ ನಿಲ್ದಾಣದ ಬೆಂಚಿನ ಮೇಲೆ ಇನ್ಸುಲಿನ್ ಹಿಡಿದು ಕೂರುವುದು ಬೇರೆ ಮಾತು. ಇವು ಯಾವುವೂ ಇಲ್ಲದಿದ್ದರೆ ಹೊರಡಿ. ನಿರೂಪಕರ ಕೂಗಾಟ ಮತ್ತು ಪಕ್ಕದ ಮನೆಯವರ ‘ಈಗ ಯಾಕೆ ಹೋಗುತ್ತೀರಿ’ ಲೆಕ್ಕಕ್ಕಿಲ್ಲ.

ಪ್ರಯಾಣ ವಿಮೆ ಮಾಡಿಸಿದರೆ ಎಲ್ಲದಕ್ಕೂ ಪರಿಹಾರ ಸಿಗುತ್ತದೆ ಎಂದು ಏಜೆಂಟ್ ಹೇಳಿದರೆ ನಂಬಬೇಡಿ. ಸಾಮಾನ್ಯ ಪಾಲಿಸಿಗಳು ಯುದ್ಧದಿಂದಾದ ನಷ್ಟವನ್ನು ಹೊರಗಿಡುತ್ತವೆ. ಕತಾರಿಗೆ ಬರುವ ಸಂದರ್ಶಕರಿಗೆ 2023ರ ಫೆಬ್ರವರಿಯಿಂದ ಆರೋಗ್ಯ ವಿಮೆ ಕಡ್ಡಾಯ. ಅದು ತುರ್ತು ಚಿಕಿತ್ಸೆಗಷ್ಟೇ. ಮಾವನವರ ಹಳೆಯ ಕಾಯಿಲೆಯೂ ಸೇರುವಂಥ ಪಾಲಿಸಿ ಹುಡುಕಿ, ದುಬಾರಿಯಾದರೂ. ಔಷಧಿಯನ್ನು ಪ್ರವಾಸದ ದಿನಗಳಿಗಿಂತ ಎರಡು ವಾರ ಹೆಚ್ಚು ಒಯ್ಯಿರಿ, ಅದೂ ಕೈಚೀಲದಲ್ಲಿ, ವೈದ್ಯರ ಚೀಟಿಯ ಸಮೇತ. ನೋವಿನ ಮತ್ತು ಕೆಮ್ಮಿನ ಕೆಲವು ಔಷಧಿಗಳಿಗೆ ಅಲ್ಲಿ ನಿರ್ಬಂಧವಿದೆ. ಅತ್ತೆಯ ಡಬ್ಬಿಯಲ್ಲಿ ಏನಿದೆ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ.

ಗಡಿಯವರಿಗೆ ಮಾತ್ರ ಅರ್ಥವಾಗುವ ಒಂದು ಮಾತು. ನಾವು ಓದುವ ಕನ್ನಡ ಪತ್ರಿಕೆಗಳು ಇಂಥ ಹೊತ್ತಿನಲ್ಲಿ ಕರ್ನಾಟಕದವರಿಗೆಂದು ಸಹಾಯವಾಣಿ ಸಂಖ್ಯೆ ಪ್ರಕಟಿಸುತ್ತವೆ, ನಾವು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಪಾಸ್‌ಪೋರ್ಟಿನಲ್ಲಿ ಕೇರಳದ ವಿಳಾಸವಿರುವ ನಿಮಗೆ ಆಗಬೇಕಾದ್ದು ತಿರುವನಂತಪುರದ ನೋರ್ಕಾ ರೂಟ್ಸ್, ಹೊರದೇಶದಲ್ಲಿರುವ ಕೇರಳದವರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಸಂಸ್ಥೆ. ಮೈದುನ ಅಲ್ಲಿ ಹೆಸರು ನೋಂದಾಯಿಸಿದ್ದಾರೆಯೇ ಎಂದು ಕೇಳಿ. ಸಂಖ್ಯೆಯನ್ನು ಈಗಲೇ ಎಲ್ಲರ ಮೊಬೈಲಿನಲ್ಲಿ ಹಾಕಿಡಿ. ಅತ್ತ ಕಡೆಯವರು ಮಲಯಾಳದಲ್ಲಿ ಮಾತನಾಡಿದರೆ ನಿಮಗೇನೂ ತೊಂದರೆಯಿಲ್ಲವಲ್ಲ.

ತಾಂಬೂಲ ಪ್ರಶ್ನೆಯನ್ನು ನಾನು ಅಲ್ಲಗಳೆಯುವುದಿಲ್ಲ, ಅತ್ತೆಯ ನಂಬಿಕೆ ಅವರದು. ಆದರೆ ‘ಹೋಗಬೇಡಿ’ ಎನ್ನದೆ ‘ಮುಂದೂಡಿದರೆ ಒಳ್ಳೆಯದು’ ಎಂದ ಆ ಮಹನೀಯರು, ನಿಮ್ಮ ಪತಿಯಂತೆಯೇ ಜಾಣತನದಿಂದ ಜಾರಿಕೊಂಡಿದ್ದಾರೆ.

ಪತಿಯ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ‘ನೀನು ಓದಿದವಳು’ ಎಂಬುದು ಹೊಗಳಿಕೆಯಂತೆ ಕೇಳಿಸುತ್ತದೆ. ತಂದೆ, ತಾಯಿ, ತಮ್ಮ ಮೂವರೂ ಅವರವರು. ಈ ಮೂವರಲ್ಲಿ ಒಬ್ಬರಿಗೆ ಬೇಸರವಾಗುವುದು ಖಚಿತ ಎಂದು ಗೊತ್ತಿರುವುದರಿಂದಲೇ ಅವರು ತೋಟಕ್ಕೆ ಇಳಿಯುವುದು. ಇದನ್ನು ಜಗಳವಾಡದೆ, ಆದರೆ ಸ್ಪಷ್ಟವಾಗಿ ಹೇಳಿ: ‘ಶರತ್ತುಗಳನ್ನು ನಾನು ಬರೆಯುತ್ತೇನೆ. ಅಮ್ಮನಿಗೆ ಓದಿ ಹೇಳುವವರು ನೀವು. ಆ ಸಂಜೆ ತಮ್ಮನಿಗೆ ಫೋನ್ ಮಾಡುವವರೂ ನೀವು.’ ಬರೆದ ಹಾಳೆಯನ್ನು ಕ್ಯಾಲೆಂಡರಿನ ಡಿಸೆಂಬರ್ ಪುಟಕ್ಕೆ ಸಿಕ್ಕಿಸಿಡಿ, ಮಾವನವರ ಕಣ್ಣಿಗೂ ಬೀಳಲಿ.

ಮಕ್ಕಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ. ಅವರಿಗೂ ಆ ಹಾಳೆಯನ್ನು ಓದಲು ಕೊಡಿ. ‘ಏನೂ ಆಗುವುದಿಲ್ಲ’ ಎಂಬ ಆಶ್ವಾಸನೆಗಿಂತ ‘ಹೀಗಾದರೆ ಹೋಗುವುದಿಲ್ಲ, ಇಲ್ಲದಿದ್ದರೆ ಹೋಗುತ್ತೇವೆ’ ಎಂಬುದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಎಲ್ಲ ಸರಿಯಿದ್ದೂ ಆ ಸಂಜೆ ಅತ್ತೆ ‘ನಾನು ಬರುವುದಿಲ್ಲ’ ಎಂದರೆ? ಎಳೆದುಕೊಂಡು ಹೋಗಬೇಡಿ, ಅವರ ಒಬ್ಬರ ಟಿಕೆಟಿನ ಸಲುವಾಗಿ ಉಳಿದವರದ್ದನ್ನು ಬಿಡಲೂ ಬೇಡಿ. ಮಾವನವರು ಮಗನ ಮನೆ ನೋಡಿ ಬರಲಿ. ಅತ್ತೆಯ ಜೊತೆ ಊರಿನಲ್ಲಿ ಯಾರಾದರೂ ನಿಲ್ಲಬೇಕಾಗುತ್ತದೆ. ಡಿಸೆಂಬರ್ ಎಂದರೆ ಅಡಿಕೆ ಕೊಯ್ಲಿನ ಕಾಲ. ನಿಮ್ಮ ಪತಿಗೆ ಹೇಗೂ ತೋಟ ಬಿಟ್ಟು ಬರಲು ಕಷ್ಟವಾದೀತು.