ಶುಕ್ರವಾರದ ಗೆಲುವು, ಮಂಗಳವಾರದ ಸೋಲು: ಅಮೆರಿಕದ ಕಾಲೇಜು ಬೇಸ್‌ಬಾಲ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದಾಳೆ. ಅವಳ ದೆಸೆಯಿಂದ ಅಲ್ಲಿಯ ಬೇಸ್‌ಬಾಲ್ ತಂಡದ ಪಂದ್ಯಗಳನ್ನು ನೋಡುವ ರೂಢಿ ನನಗೂ ಬಂದಿದೆ. ಒಂದು ಶುಕ್ರವಾರ ಬಲಿಷ್ಠ ತಂಡವೊಂದಕ್ಕೆ ಒಂದೇ ರನ್ ಬಿಟ್ಟುಕೊಟ್ಟು ಗೆದ್ದವರು, ಮುಂದಿನ ಮಂಗಳವಾರ ಸಣ್ಣ ಕಾಲೇಜೊಂದರ ಕೈಯಲ್ಲಿ ಹನ್ನೆರಡು ರನ್ ಹೊಡೆಸಿಕೊಂಡು ಸೋತರು. ನಾಲ್ಕೇ ದಿನಗಳಲ್ಲಿ ಇಷ್ಟು ಉದಾಸೀನವೇ?

ಉತ್ತರ: ಉದಾಸೀನವಲ್ಲ. ಎರಡೂ ದಿನ ಮೈದಾನಕ್ಕಿಳಿದ ತಂಡ ಒಂದೇ ಇರಬಹುದು, ಚೆಂಡೆಸೆದ ಕೈ ಮಾತ್ರ ಬೇರೆ. ಕಾಲೇಜು ಬೇಸ್‌ಬಾಲ್‌ನ ಮೊದಲ ದರ್ಜೆಯಲ್ಲಿ, ಅಂದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಡಿವಿಷನ್ ಒಂದರಲ್ಲಿ, ಫೆಬ್ರವರಿ ನಡುವಿನಿಂದ ಮೇ ತಿಂಗಳ ಮೂರನೆಯ ವಾರದವರೆಗೆ ಒಂದು ತಂಡ ಹೆಚ್ಚೆಂದರೆ 56 ಪಂದ್ಯಗಳನ್ನು ಆಡಬಹುದು. ಶುಕ್ರವಾರ, ಶನಿವಾರ, ಭಾನುವಾರ ಒಂದೇ ಎದುರಾಳಿಯೊಡನೆ ಮೂರು ಪಂದ್ಯ, ಮಂಗಳವಾರವೋ ಬುಧವಾರವೋ ಹತ್ತಿರದ ಕಾಲೇಜಿನೊಡನೆ ಇನ್ನೊಂದು. ಹೀಗೆ ವಾರಕ್ಕೆ ನಾಲ್ಕರಂತೆ ಸುಮಾರು ಹದಿನಾಲ್ಕು ವಾರ.

ಕ್ರಿಕೆಟ್‌ನಲ್ಲಿ ಬೌಲಿಂಗ್ ಭಾರವನ್ನು ಐದಾರು ಮಂದಿ ಹಂಚಿಕೊಳ್ಳುತ್ತಾರೆ. ಒಂದು ಓವರ್ ಮುಗಿಸಿದವನಿಗೆ ಮುಂದಿನ ಓವರಿನಷ್ಟು ಹೊತ್ತಾದರೂ ಬಿಡುವು ಸಿಗುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ತಂಡದ ಎಲ್ಲ ಎಸೆತಗಳೂ, ಅವನನ್ನು ಬದಲಾಯಿಸುವ ತನಕ, ಒಬ್ಬನೇ ಪಿಚರ್‌ನ, ಅಂದರೆ ಚೆಂಡೆಸೆಯುವವನ, ಪಾಲು. ಬದಲಿಯವನಿಗೆ ಜಾಗ ಬಿಟ್ಟು ಪಂದ್ಯದಿಂದ ಹೊರನಡೆದವನು ಆ ದಿನ ಮರಳುವಂತಿಲ್ಲ. ಅರವತ್ತು ಅಡಿ ಆರು ಅಂಗುಲ ದೂರಕ್ಕೆ, ಒಮ್ಮೊಮ್ಮೆ ಗಂಟೆಗೆ 150 ಕಿಲೋಮೀಟರ್ ಮೀರುವ ವೇಗದಲ್ಲಿ, ನೂರರ ಆಸುಪಾಸು ಎಸೆತಗಳನ್ನು ಎಸೆದ ಕೈಗೆ ಮತ್ತೆ ಅಷ್ಟೇ ದುಡಿಯಲು ವಾರದ ವಿಶ್ರಾಂತಿ ಬೇಕು. ಆದುದರಿಂದ ತರಬೇತುದಾರರು ತಮ್ಮ ಅತ್ಯುತ್ತಮ ಪಿಚರ್‌ನನ್ನು ಶುಕ್ರವಾರಕ್ಕೆ, ಎರಡನೆಯವನನ್ನು ಶನಿವಾರಕ್ಕೆ, ಮೂರನೆಯವನನ್ನು ಭಾನುವಾರಕ್ಕೆ ಮೀಸಲಿಡುತ್ತಾರೆ. ‘ಅವನು ಅವರ ಶುಕ್ರವಾರದ ಹುಡುಗ’ ಎಂದರೆ ಅಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿಲ್ಲ. ಮಂಗಳವಾರಕ್ಕೆ ಉಳಿಯುವವರು ಮೊದಲ ವರ್ಷದ ಹುಡುಗರು, ಗಾಯದಿಂದ ಚೇತರಿಸಿಕೊಳ್ಳುತ್ತಿರುವವರು, ಎಸೆತದಲ್ಲಿ ವೇಗವಿದ್ದರೂ ಗುರಿ ಇನ್ನೂ ಕೂಡಿಬಾರದವರು. ಒಬ್ಬೊಬ್ಬರಿಗೆ ಒಂದೋ ಎರಡೋ ಇನ್ನಿಂಗ್ಸ್ ಕೊಟ್ಟು ಪಂದ್ಯದ ಒಂಬತ್ತು ಇನ್ನಿಂಗ್ಸ್‌ಗಳನ್ನು ಹೇಗೋ ತುಂಬಿಸುತ್ತಾರೆ. ನೀವು ನೋಡಿದ ಹನ್ನೆರಡು ರನ್‌ಗಳು ಬಹುಶಃ ಇಂತಹ ನಾಲ್ಕೈದು ಮಂದಿಯ ಕಲಿಕೆಯ ವೆಚ್ಚ.

ಶುಕ್ರವಾರದವನನ್ನೇ ಮಂಗಳವಾರವೂ ಎಸೆಯಲು ಹೇಳಬಾರದೇಕೆ ಎಂದರೆ, ಮೊಣಕೈಯೊಳಗಿನ ಅಸ್ಥಿರಜ್ಜು ಹರಿಯುವುದು ಈ ಆಟದ ದೊಡ್ಡ ಪಿಡುಗು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ವೃತ್ತಿಪರ ಪಿಚರ್‌ನ ಮೊಣಕೈಗೆ ಅವನ ಇನ್ನೊಂದು ಕೈಯ ಸ್ನಾಯುರಜ್ಜುವನ್ನು ಕಸಿ ಮಾಡಿದರು. ಅವನು 1976ರಲ್ಲಿ ಆಟಕ್ಕೆ ಮರಳಿ 1989ರವರೆಗೂ ಆಡಿದನು. ಆ ಶಸ್ತ್ರಚಿಕಿತ್ಸೆಗೆ ಇಂದಿಗೂ ಅವನದೇ ಹೆಸರು. ಚೇತರಿಕೆಗೆ ಸಾಮಾನ್ಯವಾಗಿ ವರ್ಷವೊಂದು ಅಥವಾ ಅದಕ್ಕೂ ಹೆಚ್ಚು ಬೇಕು. ಕಾಲೇಜಿನಲ್ಲಿ ನಾಲ್ಕೇ ಋತುಗಳ ಅವಕಾಶವಿರುವ ಹುಡುಗನಿಗೆ ಒಂದು ವರ್ಷವೆಂದರೆ ಸಣ್ಣ ಮಾತಲ್ಲ.

ನನ್ನ ಮಟ್ಟಿಗೆ ನೋಡಲು ರುಚಿಕಟ್ಟಾದುದು ಭಾನುವಾರದ ಪಂದ್ಯ. ಇಬ್ಬರ ಬತ್ತಳಿಕೆಯೂ ಬರಿದಾಗಿರುತ್ತದೆ. ಏಳನೆಯ ಇನ್ನಿಂಗ್ಸ್‌ನಲ್ಲಿ ತರಬೇತುದಾರರು ನಿಧಾನವಾಗಿ ಎಸೆತದ ದಿಬ್ಬದ ಕಡೆಗೆ ನಡೆದು, ಮಾತಿಲ್ಲದೆ ಅಂಗೈ ಚಾಚುತ್ತಾರೆ. ಪಿಚರ್ ಚೆಂಡನ್ನು ಅದರಲ್ಲಿಟ್ಟು, ತಲೆ ತಗ್ಗಿಸಿ ಹೊರಡುತ್ತಾನೆ. ಅತ್ತ ಬೇಲಿಯ ಬಳಿಯ, ಬದಲಿ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಬುಲ್‌ಪೆನ್‌ನಿಂದ ಓಡಿಬರುವವನು ಶುಕ್ರವಾರವೂ ಇಪ್ಪತ್ತು ಎಸೆತ ಎಸೆದವನಾಗಿದ್ದರೆ, ಅವನ ಮೊದಲ ಎಸೆತದ ವೇಗ ಎಷ್ಟೆಂಬುದನ್ನು ಫಲಕದಲ್ಲಿ ಗಮನಿಸಿ. ಉಳಿದ ಕಥೆಯನ್ನು ಅದೇ ಹೇಳುತ್ತದೆ.

ಪ್ರಶ್ನೆ: ಉತ್ತರದ ರಾಜ್ಯಗಳ ತಂಡಗಳು ಋತುವಿನ ಮೊದಲ ತಿಂಗಳು ತಮ್ಮೂರಲ್ಲಿ ಆಡುವುದೇ ಇಲ್ಲವಲ್ಲ, ಏಕೆ?

ಉತ್ತರ: ಹಿಮ. ಫೆಬ್ರವರಿಯಲ್ಲಿ ಮಿನ್ನೆಸೋಟ, ಮಿಶಿಗನ್‌ಗಳ ಮೈದಾನಗಳು ಆಡುವ ಸ್ಥಿತಿಯಲ್ಲಿರುವುದಿಲ್ಲ. ಅವರು ಒಳಾಂಗಣದಲ್ಲಿ ಅಭ್ಯಾಸ ಮುಗಿಸಿ ಫ್ಲಾರಿಡ, ಟೆಕ್ಸಸ್, ಅರಿಜೋನಗಳಿಗೆ ಹೋಗಿ ಆಡುತ್ತಾರೆ. ಹಾಗೆ ಹೋದವರು ಎದುರಿಸುವುದು ಮನೆಯಂಗಳದಲ್ಲಿ ಬಿಸಿಲು ಕಾಯುತ್ತ ಸಜ್ಜಾದ ತಂಡಗಳನ್ನು. ಎಲ್ಲರೂ ಒಂದೇ ದಿನಾಂಕದಿಂದ ಶುರು ಮಾಡಬೇಕೆಂಬ ನಿಯಮ 2008ರಿಂದ ಜಾರಿಯಲ್ಲಿದ್ದರೂ ಅಸಮಾನತೆ ಪೂರ್ತಿ ಹೋಗಿಲ್ಲ. ಹಾಗೆಂದು ತಂಪು ನಾಡಿನವರು ಗೆಲ್ಲುವುದೇ ಇಲ್ಲವೆಂದೂ ಅಲ್ಲ: ಮಳೆಯ ಸೀಮೆಯಾದ ಒರೆಗಾನ್‌ನ ಒರೆಗಾನ್ ಸ್ಟೇಟ್ ತಂಡ 2006, 2007 ಮತ್ತು 2018ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ.

ಪ್ರಶ್ನೆ: ಜೂನ್ ತಿಂಗಳ ರಾಷ್ಟ್ರೀಯ ಪಂದ್ಯಾವಳಿಯ ಏರ್ಪಾಡು ಅರ್ಥವಾಗುತ್ತಿಲ್ಲ. ಸೋತ ತಂಡ ಮರುದಿನ ಮತ್ತೆ ಆಡುತ್ತದೆ, ಕೆಲವೊಮ್ಮೆ ಗೆಲ್ಲುತ್ತದೆ. ಸ್ವಲ್ಪ ವಿವರಿಸುವಿರಾ?

ಉತ್ತರ: ಮೇ ಕೊನೆಯಲ್ಲಿ 64 ತಂಡಗಳನ್ನು ಆರಿಸುತ್ತಾರೆ. ಕಾನ್ಫರೆನ್ಸ್‌ಗಳ, ಅಂದರೆ ಕಾಲೇಜುಗಳ ಗುಂಪುಗಳ, ವಿಜೇತರಿಗೆ ನೇರ ಪ್ರವೇಶವಿದೆ. ಉಳಿದವರನ್ನು ಸಮಿತಿಯು ಋತುವಿನ ಸಾಧನೆ ನೋಡಿ ಆರಿಸುತ್ತದೆ. ನಾಲ್ಕು ನಾಲ್ಕು ತಂಡಗಳು ಹದಿನಾರು ಊರುಗಳಲ್ಲಿ ಸೇರುತ್ತವೆ. ಇದಕ್ಕೆ ರೀಜನಲ್ ಎನ್ನುತ್ತಾರೆ. ಇಲ್ಲಿ ಒಂದು ಸೋಲಿಗೆ ಕ್ಷಮೆಯುಂಟು, ಎರಡನೆಯದಕ್ಕಿಲ್ಲ. ಗೆದ್ದ ಹದಿನಾರು ತಂಡಗಳು ಎರಡೆರಡಾಗಿ ಮೂರು ಪಂದ್ಯಗಳ ಸೂಪರ್ ರೀಜನಲ್ ಸರಣಿಯಲ್ಲಿ ಎದುರಾಗುತ್ತವೆ, ಅಲ್ಲಿಂದ ಎಂಟು ತಂಡಗಳು ನೆಬ್ರಾಸ್ಕದ ಒಮಾಹಾ ನಗರಕ್ಕೆ, ಕಾಲೇಜು ವಿಶ್ವ ಸರಣಿಗೆ, ಹೋಗುತ್ತವೆ. ಒಮಾಹಾದಲ್ಲೂ ಎರಡು ಸೋಲಿನ ನಿಯಮವೇ. ಕಡೆಯಲ್ಲಿ ಉಳಿದ ಇಬ್ಬರ ನಡುವೆ ಮಾತ್ರ ಮೂರು ಪಂದ್ಯಗಳ ಫೈನಲ್.

ನಿಯಮ ಉದಾರವಾಗಿ ಕಾಣುತ್ತದೆ, ಆದರೆ ಕೈಗಳ ಲೆಕ್ಕ ಹಾಕಿದರೆ ಅದರ ಕಾಠಿಣ್ಯ ತಿಳಿಯುತ್ತದೆ. ರೀಜನಲ್‌ನಲ್ಲಿ ಸೋಲದೆ ಸಾಗುವ ತಂಡಕ್ಕೆ ಮೂರು ಪಂದ್ಯ ಸಾಕು. ಮೊದಲ ದಿನವೇ ಸೋತ ತಂಡ ಅದೇ ವಾರಾಂತ್ಯದೊಳಗೆ ನಾಲ್ಕು ಪಂದ್ಯಗಳನ್ನು ಸಾಲಾಗಿ ಗೆಲ್ಲಬೇಕು, ಅದರಲ್ಲೂ ಕೊನೆಯ ಎರಡನ್ನು ಅಜೇಯ ತಂಡದ ವಿರುದ್ಧ. ಅಷ್ಟು ಹೊತ್ತಿಗೆ ಅದರ ಉತ್ತಮ ಪಿಚರ್‌ಗಳೆಲ್ಲ ಭುಜಕ್ಕೆ ಮಂಜುಗಡ್ಡೆ ಕಟ್ಟಿಕೊಂಡು ಕುಳಿತಿರುತ್ತಾರೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಮೇ 30ರ ಪಂದ್ಯವನ್ನು ನೋಡಬೇಕು. ಆಸ್ಟಿನ್‌ನಲ್ಲಿ ಟೆಕ್ಸಸ್ ಮತ್ತು ಬೋಸ್ಟನ್ ಕಾಲೇಜು ತಂಡಗಳು ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ತೀರ್ಮಾನವಾಗದೆ 25ರವರೆಗೆ ಆಡಿದವು. ಏಳು ಗಂಟೆ ಮೂರು ನಿಮಿಷ ಸಾಗಿದ ಆ ಪಂದ್ಯವನ್ನು ಟೆಕ್ಸಸ್ 3–2ರಿಂದ ಗೆದ್ದಿತು. ಅದರ ಬದಲಿ ಪಿಚರ್ ಆಸ್ಟಿನ್ ವುಡ್ ಏಳನೆಯ ಇನ್ನಿಂಗ್ಸ್‌ನಲ್ಲಿ ದಿಬ್ಬ ಹತ್ತಿ, ಹದಿಮೂರು ಇನ್ನಿಂಗ್ಸ್‌ಗಳಷ್ಟು ನಿಂತು, 169 ಎಸೆತಗಳನ್ನು ಎಸೆದನು. ಆ ಹದಿಮೂರರಲ್ಲಿ ಹನ್ನೆರಡಕ್ಕೂ ಹೆಚ್ಚು ಇನ್ನಿಂಗ್ಸ್‌ಗಳ ಕಾಲ ಎದುರಾಳಿಗೆ ಒಂದೇ ಒಂದು ಹಿಟ್, ಅಂದರೆ ಸುರಕ್ಷಿತವಾಗಿ ಓಡಲು ಎಡೆಕೊಡುವ ಹೊಡೆತ, ಕೂಡ ದಕ್ಕಲಿಲ್ಲ. ಇದನ್ನು ಸಾಹಸವೆಂದು ಕೊಂಡಾಡುವವರು ಬಹಳ. ನನಗೆ ಮಾತ್ರ 169 ಎಂಬ ಅಂಕಿಯನ್ನು ಓದಿದಾಗಲೆಲ್ಲ ಮೊಣಕೈ ನೆನಪಾಗುತ್ತದೆ. ಕೆಲವೇ ಇನ್ನಿಂಗ್ಸ್ ಎಸೆಯಬೇಕಾದ ಹುಡುಗನನ್ನು ಅಷ್ಟು ಹೊತ್ತು ದುಡಿಸಿದ್ದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿ ಗೆದ್ದ ಉದಾಹರಣೆಯೂ ಇದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸ್ಟೇಟ್ ತನ್ನ ರೀಜನಲ್‌ನ ನಾಲ್ಕು ತಂಡಗಳಲ್ಲಿ ನಾಲ್ಕನೆಯ ಶ್ರೇಯಾಂಕದ್ದಾಗಿತ್ತು, ಅಂದರೆ ಕಟ್ಟಕಡೆಯದು. ಅದು ಫೈನಲ್‌ನಲ್ಲಿ ಜಾರ್ಜಿಯ ತಂಡಕ್ಕೆ ಮೊದಲ ಪಂದ್ಯವನ್ನು 7–6ರಿಂದ ಸೋತು, ಎರಡನೆಯದನ್ನು 19–10ರಿಂದ ಗೆದ್ದು, ಮೂರನೆಯದನ್ನು 6–1ರಿಂದ ಗೆದ್ದು ಪ್ರಶಸ್ತಿ ಪಡೆಯಿತು. ಆ ಕೊನೆಯ ಪಂದ್ಯದ ಆರೂ ರನ್‌ಗಳಿಗೆ ಕಾರಣನಾದ ಸ್ಟೀವ್ ಡೆಟ್‌ವೈಲರ್ ಹೆಬ್ಬೆರಳಿನ ರಜ್ಜು ಹರಿದುಕೊಂಡೇ ಆಡುತ್ತಿದ್ದನು. ಋತುವಿನ ಕೊನೆಗೆ ಆ ತಂಡದ ದಾಖಲೆ 47 ಗೆಲುವು, 31 ಸೋಲು. ಮಂಗಳವಾರದ ಸೋಲುಗಳನ್ನು ಎಣಿಸುತ್ತ ಕುಳಿತಿದ್ದವರು ಈ ತಂಡವನ್ನು ಗಮನಿಸಿರಲಾರರು.

ಪ್ರಶ್ನೆ: ಬ್ಯಾಟ್ ತಗುಲಿದಾಗ ಪಾತ್ರೆ ಬಡಿದಂತೆ ‘ಠಣ್’ ಎನ್ನುತ್ತದೆ. ವೃತ್ತಿಪರರ ಆಟದಲ್ಲಿ ಈ ಸದ್ದಿಲ್ಲ.

ಉತ್ತರ: ವೃತ್ತಿಪರರದು ಮರದ ಬ್ಯಾಟ್, ಕಾಲೇಜಿನವರದು 1974ರಿಂದ ಲೋಹದ ಬ್ಯಾಟ್. ಮರದ್ದು ಮುರಿಯುತ್ತದೆ, ಮುರಿದಷ್ಟೂ ಖರ್ಚು. ಆದರೆ ಲೋಹದಿಂದ ಚೆಂಡು ಅತಿಯಾಗಿ ಚಿಮ್ಮತೊಡಗಿತು. 1998ರ ಫೈನಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯ ತಂಡ ಅರಿಜೋನ ಸ್ಟೇಟನ್ನು 21–14ರಿಂದ ಸೋಲಿಸಿತು, ಬೇಸ್‌ಬಾಲ್‌ಗೆ ಇದು ವಿಪರೀತದ ಮೊತ್ತ. 2011ರಲ್ಲಿ ಚಿಮ್ಮುವಿಕೆಗೆ ಕಡಿವಾಣ ಹಾಕುವ ಬ್ಯಾಟ್ ಮಾನದಂಡ ಬಂದಾಗ ತಕ್ಕಡಿ ಇನ್ನೊಂದು ಬದಿಗೆ ವಾಲಿ, 2013 ಮತ್ತು 2014ರ ಕಾಲೇಜು ವಿಶ್ವ ಸರಣಿಗಳಲ್ಲಿ ಒಟ್ಟು ಮೂರು ಮೂರೇ ಹೋಮ್ ರನ್‌ಗಳು, ಅಂದರೆ ಬೇಲಿಯಾಚೆ ಹಾರುವ ಹೊಡೆತಗಳು, ಬಂದವು. 2015ರಿಂದ ಹೊಲಿಗೆ ತಗ್ಗಿಸಿದ ಚೆಂಡನ್ನು ತಂದು, ಅದು ಗಾಳಿಯಲ್ಲಿ ಹೆಚ್ಚು ದೂರ ಸಾಗುವಂತೆ ಮಾಡಿದರು. ಈಗ ಮತ್ತೆ ಹೋಮ್ ರನ್‌ಗಳ ಕಾಲ. ಪಿಚರ್‌ಗಳ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ಪ್ರಶ್ನೆ: ಈ ಹುಡುಗರು ಓದುವುದು ಯಾವಾಗ? ಶುಲ್ಕವೆಲ್ಲ ಉಚಿತವೇ?

ಉತ್ತರ: ತರಗತಿಗಳಿರುವ ದಿನಗಳಲ್ಲಿ ತಂಡದ ಚಟುವಟಿಕೆ ವಾರಕ್ಕೆ 20 ಗಂಟೆ ಮೀರಬಾರದೆಂಬ ನಿಯಮವಿದೆ. ಪಂದ್ಯದ ದಿನವು, ಆಟ ಎಷ್ಟು ಹೊತ್ತು ಸಾಗಿದರೂ, ಲೆಕ್ಕದಲ್ಲಿ ಮೂರೇ ಗಂಟೆ. ಪ್ರಯಾಣದ ಹೊತ್ತು ಇದರಲ್ಲಿ ಸೇರುವುದಿಲ್ಲವಾದ್ದರಿಂದ ಬಸ್ಸಿನಲ್ಲಿ ಪುಸ್ತಕ ತೆರೆಯುವುದು ಅನಿವಾರ್ಯ.

ಶುಲ್ಕದ ವಿಷಯಕ್ಕೆ ಬಂದರೆ, ದೀರ್ಘಕಾಲದವರೆಗೆ ಡಿವಿಷನ್ ಒಂದರ ತಂಡಕ್ಕೆ 11.7 ವಿದ್ಯಾರ್ಥಿವೇತನಗಳ ಮಿತಿಯಿತ್ತು. ಅದನ್ನೇ 27 ಮಂದಿಯವರೆಗೆ ತುಂಡು ತುಂಡಾಗಿ ಹಂಚುತ್ತಿದ್ದರು. ಹೀಗಾಗಿ ಹೆಚ್ಚಿನವರು ಶುಲ್ಕದ ಒಂದು ಪಾಲನ್ನು ತಾವೇ ಕಟ್ಟಿ ಆಡುತ್ತಿದ್ದವರು. 2025–26ರಿಂದ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಾದ ಒಪ್ಪಂದವನ್ನು ಅಂಗೀಕರಿಸಿದ ಕಾಲೇಜುಗಳಲ್ಲಿ, ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡದ ಗಾತ್ರಕ್ಕೆ 34ರ ಮಿತಿ ಬಂದಿದೆ. ನಾಲ್ಕು ವರ್ಷದ ಕಾಲೇಜಿನ ಆಟಗಾರನನ್ನು ವೃತ್ತಿಪರ ತಂಡಗಳು ಸಾಮಾನ್ಯವಾಗಿ ಅವನ ಮೂರನೆಯ ವರ್ಷದ ನಂತರ ಅಥವಾ 21 ವಯಸ್ಸು ತುಂಬಿದಾಗ ಆರಿಸಿಕೊಳ್ಳಬಹುದು. ಆ ಆಯ್ಕೆ ನಡೆಯುವುದು ಜುಲೈನಲ್ಲಿ, ಒಮಾಹಾದ ಬೆನ್ನಿಗೇ. ಮೂರನೆಯ ವರ್ಷದ ಶುಕ್ರವಾರದ ಹುಡುಗನನ್ನು ಜೂನ್‌ನಲ್ಲಿ ಎಷ್ಟು ಎಸೆಸಬೇಕೆಂಬುದು ತರಬೇತುದಾರರಿಗೆ ಏಕೆ ತಲೆನೋವು ಎಂಬುದು ಇದರಿಂದ ತಿಳಿದೀತು.

ಪ್ರಶ್ನೆ: ಋತುವಿಡೀ ಸೋಲುವ ತಂಡಗಳೂ ಇರುತ್ತವಲ್ಲ, ಅವರೇಕೆ ಆಡುತ್ತಾರೆ?

ಉತ್ತರ: ಪಾಸಡೀನಾದ ಕ್ಯಾಲ್‌ಟೆಕ್ ವಿಜ್ಞಾನಕ್ಕೆ ಜಗತ್ಪ್ರಸಿದ್ಧ, ಅದರ ಬೇಸ್‌ಬಾಲ್ ತಂಡ ಆಡುವುದು ಡಿವಿಷನ್ ಮೂರರಲ್ಲಿ, ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ದರ್ಜೆಯಲ್ಲಿ. ಆ ತಂಡ 2003ರಿಂದ 2013ರ ನಡುವೆ ಸಾಲಾಗಿ 228 ಪಂದ್ಯಗಳನ್ನು ಸೋತಿತು. ಆ ಹತ್ತು ವರ್ಷಗಳಲ್ಲಿ ಅಲ್ಲಿಗೆ ಸೇರಿ, ಆಡಿ, ಪದವಿ ಪಡೆದು ಹೊರನಡೆದವರಲ್ಲಿ ಒಂದೂ ಗೆಲುವು ಕಾಣದವರಿದ್ದಾರೆ. ಅವರೂ ಚಳಿಗಾಲದ ಅಭ್ಯಾಸಕ್ಕೆ ಬಂದರು, ಪ್ರಯೋಗಾಲಯದಿಂದ ನೇರ ಮೈದಾನಕ್ಕೆ ಓಡಿದರು, ಒಂಬತ್ತನೆಯ ಇನ್ನಿಂಗ್ಸ್‌ವರೆಗೆ ಎಸೆಯಲು ಯಾರನ್ನಾದರೂ ಹುಡುಕಿದರು. ಏಕೆ ಆಡಿದರೆಂದು ಅವರನ್ನೇ ಕೇಳಬೇಕು. ಆಡುವುದು ಇಷ್ಟವೆಂಬುದರ ಹೊರತು ಬೇರೆ ಕಾರಣ ನನಗಂತೂ ಹೊಳೆಯುವುದಿಲ್ಲ. 2013ರ ಫೆಬ್ರವರಿ 2ರಂದು ಅವರು ಪಸಿಫಿಕಾ ಎಂಬ ಕಾಲೇಜನ್ನು 9–7ರಿಂದ ಸೋಲಿಸಿದರು. ಅಂದು ಶನಿವಾರವಾಗಿತ್ತು.