ಡ್ರೈನ್ ಇಟ್ಟು ಮನೆಗೆ ಕಳಿಸಿದ್ದಾರೆ

ಪ್ರಶ್ನೆ: ಸ್ತನ ಕ್ಯಾನ್ಸರ್ ಎಂದು ನನ್ನ ಹೆಂಡತಿಗೆ ಆಪರೇಷನ್ ಆಗಿದೆ. ಎಡಸ್ತನದ ಜೊತೆ ಕಂಕುಳಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದಾರೆ. ಗಾಯದೊಳಗಿನ ದ್ರವ ಹೊರಬರಲು ಇಟ್ಟ ಡ್ರೈನ್ (ತುದಿಯಲ್ಲಿ ಹಿಂಡುವ ಬಲ್ಬಿರುವ ಕೊಳವೆ) ಇನ್ನೂ ಇದೆ, ಮುಂದಿನ ತಿಂಗಳು ಕೀಮೋ. "ಏನು ಮಾಡಲಿ" ಎಂದರೆ "ಏನೂ ಬೇಡ" ಅನ್ನುತ್ತಾಳೆ. ನಾನು ಹೇಗೆ ನೆರವಾಗಲಿ?

ಉತ್ತರ: "ಏನು ಮಾಡಲಿ" ಎಂದು ಕೇಳಿದಾಗ ಯೋಚಿಸಿ ಹೇಳುವ ಕೆಲಸವೂ ಅವರ ತಲೆಗೇ ಬೀಳುತ್ತದೆ. ಅದರ ಬದಲು ಒಂದು ಕೆಲಸವನ್ನು ಪೂರ್ತಿ ವಹಿಸಿಕೊಳ್ಳಿ. ಅವರು ಒಪ್ಪಿದರೆ ಸದ್ಯಕ್ಕೆ ಡ್ರೈನ್ ನಿಮ್ಮದಾಗಲಿ. ಗಾಯದ ಕಡೆ ನೋಡಲೂ ಮನಸ್ಸಾಗದ ಈ ದಿನಗಳಲ್ಲಿ ಅದು ದೊಡ್ಡ ಹೊರೆ.

ಬೆಳಿಗ್ಗೆ, ಸಂಜೆ ಸೋಪು ಹಚ್ಚಿ ಕೈ ತೊಳೆದು ಬಲ್ಬಿನ ಮುಚ್ಚಳ ತೆಗೆಯಿರಿ. ದ್ರವವನ್ನು ಅಳತೆಯ ಕಪ್ಪಿಗೆ ಸುರಿದು ಎಷ್ಟು ಮಿಲಿ, ಯಾವ ಬಣ್ಣ ಎಂದು ಬರೆದಿಡಿ. ಆಮೇಲೆ ಬಲ್ಬನ್ನು ಚಪ್ಪಟೆಯಾಗುವಂತೆ ಹಿಂಡಿ, ಹಿಂಡಿದ ಕೈ ಸಡಿಲಿಸದೆ ಮುಚ್ಚಳ ಹಾಕಿ. ಬಹಳ ಮಂದಿ ತಪ್ಪುವುದು ಇಲ್ಲೇ: ಬಲ್ಬು ಉಬ್ಬಿದ್ದಾಗ ಮುಚ್ಚಿದರೆ ಅದು ಎಳೆಯುವುದಿಲ್ಲ, ದ್ರವ ಚರ್ಮದಡಿಯೇ ನಿಂತು ಊದಿಕೊಳ್ಳುತ್ತದೆ. ಬಣ್ಣ ಕೆಂಪಿನಿಂದ ತಿಳಿಗುಲಾಬಿಗೆ, ಆಮೇಲೆ ಹಳದಿಗೆ ತಿರುಗಬೇಕು. 24 ಗಂಟೆಯಲ್ಲಿ ಸುಮಾರು 30 ಮಿಲಿಗಿಂತ ಕಡಿಮೆಯಾಗಿ ಒಂದೆರಡು ದಿನ ಹಾಗೇ ಇದ್ದರೆ ಸಾಮಾನ್ಯವಾಗಿ ಡ್ರೈನ್ ತೆಗೆಯುತ್ತಾರೆ. ನಿಮ್ಮ ಲೆಕ್ಕವೇ ಡಾಕ್ಟರಿಗೆ ಆಧಾರ. ಮತ್ತೆ ಕಡುಕೆಂಪಾಗಿ ಬೇಗ ಬೇಗ ತುಂಬಿದರೆ, ಕೀವು ಅಥವಾ ವಾಸನೆ ಕಂಡರೆ, ಬರುತ್ತಿದ್ದುದು ತಟ್ಟನೆ ನಿಂತು ಎದೆ ಊದಿದರೆ ಕೂಡಲೇ ಫೋನ್ ಮಾಡಿ.

ನೋವೆಂದು ಎಡಗೈಯನ್ನು ಮಡಚಿ ಎದೆಗೊತ್ತಿಕೊಂಡೇ ಇದ್ದರೆ ಭುಜ ಬಿಗಿಯುತ್ತದೆ. ಹೇಳಿಕೊಟ್ಟ ವ್ಯಾಯಾಮ ತಪ್ಪದಿರಲಿ. ಡ್ರೈನ್ ಇರುವಷ್ಟು ದಿನ ಕೈಯನ್ನು ಎಷ್ಟೆತ್ತರಕ್ಕೆ ಎತ್ತಬಹುದು ಎಂದು ಕೇಳಿಕೊಳ್ಳಿ. ಕಂಕುಳಿನ ಗಂಟು ತೆಗೆದ ಮೇಲೆ ಆ ಕೈ ತಿಂಗಳು, ವರ್ಷಗಳ ನಂತರವೂ ಊದಬಹುದು. ಉಂಗುರ ಬಿಗಿಯಾದರೆ, ಕೈ ಭಾರವೆನಿಸಿದರೆ ತಡಮಾಡದೆ ತೋರಿಸಿ.

ಗಾಯವನ್ನು ಕನ್ನಡಿಯಲ್ಲಿ ಯಾವಾಗ ನೋಡಬೇಕು, ಯಾರಿಗೆ ಏನು ಹೇಳಬೇಕು ಎನ್ನುವುದನ್ನು ಅವರಿಗೇ ಬಿಡಿ. ಅತ್ತರೆ "ಧೈರ್ಯವಾಗಿರು" ಎನ್ನುವ ಆತುರ ಬೇಡ, ಪಕ್ಕದಲ್ಲಿ ಕೂತಿರಿ.

ಕೀಮೋ ಶುರುವಾಗುವ ಮೊದಲೇ ಒಂದು ಡಿಜಿಟಲ್ ಥರ್ಮಾಮೀಟರ್ ತಂದಿಡಿ. ಹೆಚ್ಚಿನ ಕೀಮೋಗಳಲ್ಲಿ ಔಷಧಿ ಕೊಟ್ಟ ಮೇಲೆ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಸೋಂಕಾದರೂ ಜ್ವರ ಬಿಟ್ಟು ಬೇರೆ ಲಕ್ಷಣ ಕಾಣದಿರಬಹುದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಸಿಟಮಾಲ್ ಕೊಟ್ಟು ಇಳಿಸಲು ಹೋಗಬೇಡಿ, ಮೊದಲು ಆಸ್ಪತ್ರೆಗೆ ಫೋನ್ ಮಾಡಿ. ನಡುರಾತ್ರಿಯಾದರೂ ಬೆಳಗಾಗಲೆಂದು ಕಾಯಬೇಡಿ. ಆ ತುರ್ತು ನಂಬರನ್ನು ಇವತ್ತೇ ಇಬ್ಬರ ಫೋನಿನಲ್ಲೂ ಹಾಕಿಡಿ.