ಹೊಳೆ ನಡುವೆ ಒಂದೇ ಮನೆ, ಮುಳುಗಲ್ವಾ?

ಪ್ರಶ್ನೆ: ಮಾಸ್ತರೇ, ಕೆನಡಾದಲ್ಲಿರುವ ಮಗಳು ಒಂದು ಫೋಟೊ ಕಳಿಸಿದ್ದಾಳೆ. ಹೊಳೆ ನಡುವೆ ಒಂದು ಬಂಡೆ, ಅದರ ಮೇಲೆ ಒಂದೇ ಮನೆ. ನೀರು ಗೋಡೆಗೇ ಹತ್ತಿದಂತಿದೆ. ಜಾಗದ ಹೆಸರು ‘ಥೌಸಂಡ್ ಐಲ್ಯಾಂಡ್ಸ್’ ಅಂತೆ. ಮಳೆಗಾಲದಲ್ಲಿ ಮುಳುಗಲ್ವಾ? ಅಲ್ಲಿ ಇರೋರಾದರೂ ಯಾರು?
– ಓದುಗರೊಬ್ಬರು, ಶಹಾಪುರ

ಉತ್ತರ: ಕೃಷ್ಣೆ ನೋಡಿ ಬೆಳೆದವರಿಗೆ ಈ ಅನುಮಾನ ಬರಲೇಬೇಕು. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರು ಅಂದರೆ ನಮಗೆ ಮೊದಲು ನೆನಪಾಗೋದು ಕೃಷ್ಣೆ ನಡುವಿನ ನಡುಗಡ್ಡೆ ನೀಲಕಂಠರಾಯನಗಡ್ಡಿ. ಸೋರೆ ಬುರುಡೆ ಕಟ್ಟಿಕೊಂಡು ಈಜಿ ದಡ ಸೇರಿದವರ ಊರು ಅದು.

ನಿಮ್ಮ ಫೋಟೊದ ಹೊಳೆ ಕೆನಡಾ, ಅಮೆರಿಕ ಗಡಿಯ ಸೇಂಟ್ ಲಾರೆನ್ಸ್ ನದಿ. ಅದು ಹಾಗಲ್ಲ. ಒಂಟಾರಿಯೊ ಸರೋವರ ತುಂಬಿ ಹೊರಗೆ ಹರಿದ ನೀರೇ ಆ ನದಿ. ಅಷ್ಟು ದೊಡ್ಡ ಸರೋವರ ನಾಲ್ಕು ದಿನದ ಮಳೆಗೆ ಜಗ್ಗಲ್ಲ. ಹಾಗಾಗಿ ನೀರು ರಾತ್ರೋರಾತ್ರಿ ಏರಲ್ಲ. ಆದರೂ 2017ರಲ್ಲಿ, ಮತ್ತೆ 2019ರಲ್ಲಿ ಸರೋವರ ಮಿತಿಮೀರಿ ತುಂಬಿತು. ದೋಣಿ ಕಟ್ಟುವ ಕಟ್ಟೆಗಳು ನೀರಲ್ಲಿ ನಿಂತವು.

ಇನ್ನು ಆ ಬಂಡೆ. ನಿಮ್ಮೂರಿನ ಮಲಗಿದ ಬುದ್ಧನ ಗುಡ್ಡದ ಸುತ್ತ ಹೊಳೆ ನುಗ್ಗಿ, ನೆತ್ತಿಗಳಷ್ಟೇ ಮೇಲೆ ಉಳಿದರೆ ಹೇಗಿರುತ್ತೆ? ಅಲ್ಲಿ ಆಗಿರೋದು ಅದೇ. ಬಹಳ ಹಳೆಯ ಗ್ರಾನೈಟ್ ಸಾಲನ್ನು ಹಿಮನದಿಗಳು ಉಜ್ಜಿ ತಗ್ಗಿಸಿದವು. ಸುಮಾರು 12,000 ವರ್ಷದ ಹಿಂದೆ ಹಿಮ ಸರಿದ ಮೇಲೆ ನೀರು ತುಂಬಿತು. ಹೆಸರಿಗೆ ಸಾವಿರ, ಲೆಕ್ಕಕ್ಕೆ 1,800ಕ್ಕೂ ಜಾಸ್ತಿ. ವರ್ಷವಿಡೀ ನೀರಿನ ಮೇಲಿರಬೇಕು, ಮರವೂ ಇರಬೇಕು. ಆಗಲೇ ಅದು ದ್ವೀಪ. ನಿಮ್ಮ ಫೋಟೊದ್ದು ‘ಜಸ್ಟ್ ರೂಮ್ ಇನಫ್’ ಇರಬೇಕು. ಇದ್ದರೆ ಮೂರು ಗುಂಟೆ. ಅಂಗಳ ಅನ್ನೋದೇ ಇಲ್ಲ, ಬಾಗಿಲು ತೆಗೆದರೆ ಹೊಳೆ!

ಇಂಥ ಮನೆಗಳಿಗೆ ಹೆಚ್ಚಿನವರು ಬರೋದು ಬೇಸಿಗೆಗೆ ಮಾತ್ರ. ರೈಲಿನ ಸ್ಲೀಪರ್ ಬೋಗಿಗೆ ಹೆಸರಾದ ಜಾರ್ಜ್ ಪುಲ್‌ಮನ್ 1872ರಲ್ಲಿ ಅಮೆರಿಕದ ಅಧ್ಯಕ್ಷ ಗ್ರಾಂಟ್ ಅವರನ್ನು ತನ್ನ ದ್ವೀಪಕ್ಕೆ ಕರೆಸಿಕೊಂಡ. ಸುದ್ದಿ ಹಬ್ಬಿತು. ದುಡ್ಡಿದ್ದವರೆಲ್ಲ ದ್ವೀಪ ಕೊಳ್ಳೋಕೆ ನಿಂತರು. ಮೊದಲಿಂದ ಅಲ್ಲಿ ಮೀನು ಹಿಡಿದು ಬದುಕಿದ್ದ ಮೋಹಾಕ್, ಮಿಸ್ಸಿಸಾಗಾ ಜನರನ್ನು ಕೇಳಿದವರು ಯಾರು, ಬಿಡಿ.

ನ್ಯೂಯಾರ್ಕಿನ ವಾಲ್‌ಡಾರ್ಫ್ ಹೋಟೆಲಿನ ಜಾರ್ಜ್ ಬೋಲ್ಟ್ 1900ರಲ್ಲಿ ಇಲ್ಲಿನದೇ ಒಂದು ದ್ವೀಪ ಹಾರ್ಟ್ ಐಲ್ಯಾಂಡಿನಲ್ಲಿ ಹೆಂಡತಿ ಲೂಯಿಸ್‌ಗಾಗಿ ಕೋಟೆಯಂಥ ಮನೆ ಶುರುಮಾಡಿದ. 1904ರಲ್ಲಿ ಆಕೆ ತೀರಿಕೊಂಡಳು. ಕೆಲಸ ನಿಲ್ಲಿಸಿ ಅಂತ ತಂತಿ ಕಳಿಸಿದ, ಮತ್ತೆ ಅತ್ತ ಕಾಲಿಡಲಿಲ್ಲ. 73 ವರ್ಷ ಹಾಳುಬಿದ್ದ ಮೇಲೆ 1977ರಲ್ಲಿ ಅಲ್ಲಿನ ಸೇತುವೆ ಪ್ರಾಧಿಕಾರ ಅದನ್ನು ವಹಿಸಿಕೊಂಡು ರಿಪೇರಿಗೆ ಇಳಿಯಿತು. ಈಗ ಟಿಕೆಟ್ ತಗೊಂಡು ನೋಡಬಹುದು. ಮಗಳಿಗೆ ಒಂದು ಮಾತು ಹೇಳಿ: ಆ ದ್ವೀಪ ಅಮೆರಿಕದ ಕಡೆಯದು. ಕೆನಡಾ ದಡದಿಂದ ದೋಣಿ ಹತ್ತಿ ಅಲ್ಲಿ ಇಳಿಯೋದಾದರೆ ಪಾಸ್‌ಪೋರ್ಟ್, ವೀಸಾ ಎರಡೂ ಜೇಬಲ್ಲಿರಲಿ.